ಆಲಮಟ್ಟಿಯಿಂದ ಬೆಜವಾಡದವರೆಗೆ: ಒಂದು ನದಿಯ ನೀರಿನ ಲೆಕ್ಕ

(ಮಹಿಳಾ ವೇದಿಕೆಯ ವಿಜಯವಾಡ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾರ್ಯದರ್ಶಿಯವರು ಫೋನ್ ಮಾಡಿ, "ನೀನು ಐ.ಟಿ.ಯವಳು, ಕೃತಕ ಬುದ್ಧಿಮತ್ತೆ ಬಗ್ಗೆ ಅರ್ಧ ಗಂಟೆ ಮಾತಾಡಮ್ಮ" ಅಂದರು. ಆಫೀಸಿನಲ್ಲಿ ಬೆಳಗಿನಿಂದ ರಾತ್ರಿವರೆಗೂ ಅದೇ ಮಾತು. ಇಲ್ಲಿ ಬೇಡ, ನೀರಿನ ಬಗ್ಗೆ ಮಾತಾಡುತ್ತೇನೆ ಅಂದೆ. ಅವರು ಒಂದು ಕ್ಷಣ ಸುಮ್ಮನಾದರು. ಆಮೇಲೆ "ನಲ್ಲಿ ನೀರಾ?" ಅಂತ ಕೇಳಿದರು. ನಲ್ಲಿಯ ನೀರೂ ಇದೆ, ಕೊನೆಯ ಕಡೆಗೆ ಬರುತ್ತದೆ.

ನನ್ನ ಎಂ.ಟೆಕ್. ಜಲಸಂಪನ್ಮೂಲ ಎಂಜಿನಿಯರಿಂಗ್‌ನಲ್ಲಿ. ಒಂದು ಜಲಾಶಯಕ್ಕೆ ಯಾವ ತಿಂಗಳು ಎಷ್ಟು ನೀರು ಬರಬಹುದು, ಎಷ್ಟು ಹಿಡಿದಿಡಬೇಕು, ಎಷ್ಟು ಬಿಡಬೇಕು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಪ್ರಾಜೆಕ್ಟು. ಓದಿದ್ದು ಅದು, ಕೆಲಸ ಸಿಕ್ಕಿದ್ದು ಸಾಫ್ಟ್‌ವೇರಿನಲ್ಲಿ. ನಿಮ್ಮಲ್ಲಿ ಅರ್ಧಕ್ಕರ್ಧ ಜನರ ಮಕ್ಕಳ ಕಥೆಯೂ ಇದೇ ಇರಬೇಕು. ಆದರೂ ನೀರಿನ ಹುಚ್ಚು ಬಿಟ್ಟಿಲ್ಲ. ಅದಕ್ಕೆ ಇನ್ನೊಂದು ಕಾರಣ ನನ್ನ ತಾಯಿಯ ತವರು. ಅದು ಬಾಗಲಕೋಟೆ ಕಡೆ, ಬೀಳಗಿ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಯ ಹಳ್ಳಿ. ಈಗ ಆ ಮನೆ ಆಲಮಟ್ಟಿ ಹಿನ್ನೀರಿನ ಕೆಳಗಿದೆ. ನಾನು ಮದುವೆಯಾಗಿ ಬಂದಿದ್ದು ಅದೇ ಕೃಷ್ಣೆ ಸಮುದ್ರ ಸೇರುವ ಮುಂಚಿನ ಕೊನೆಯ ದೊಡ್ಡ ಊರಿಗೆ, ಈ ಬೆಜವಾಡಕ್ಕೆ. ಏಳು ವರ್ಷ ಇಲ್ಲಿದ್ದು, ಆಮೇಲೆ ವೈಜಾಗಿಗೆ ಹೋದೆವು.

ಅಜ್ಜಿಯ ಮನೆಯಲ್ಲಿ ಎರಡು ದೊಡ್ಡ ಹರವಿಗಳಿದ್ದವು. ಬೇಸಿಗೆಯಲ್ಲಿ ನದಿ ಸೊರಗಿ ಉಸುಕಿನಲ್ಲಿ ವರ್ತಿ ತೆಗೆದು ನೀರು ತರಬೇಕಾದಾಗ ಎರಡೂ ತುಂಬಿರುತ್ತಿದ್ದವು. ಮಳೆಗಾಲ ಶುರುವಾದರೆ ಅಜ್ಜಿ ಒಂದನ್ನು ಖಾಲಿ ಮಾಡಿಡುತ್ತಿದ್ದಳು. ಮನೆಯ ಮುಂದೆ ಹೊಳೆ ತುಂಬಿ ಹರಿಯುವಾಗ ಹರವಿ ಖಾಲಿ ಯಾಕೆ ಅಂತ ನಾನು ಕೇಳಿದ್ದಕ್ಕೆ, "ಬರೂದು ರಾಡಿ ನೀರವ್ವಾ. ಅದು ತಿಳಿ ಆಗಾಕ ಖಾಲಿ ಹರವಿ ಬೇಕು. ಎರಡೂ ತುಂಬಿ ಕುಂತ್ರ ಹೊಸಾ ನೀರು ಎಲ್ಲಿ ಹಾಕಲಿ?" ಅಂದಿದ್ದಳು. ಎಂ.ಟೆಕ್.ನಲ್ಲಿ ಜಲಾಶಯದೊಳಗೆ ಪ್ರವಾಹಕ್ಕಾಗಿ ಖಾಲಿ ಜಾಗ ಬಿಡುವ ಪಾಠ ಬಂದಾಗ ನನಗೆ ಆ ಹರವಿ ಕಣ್ಣ ಮುಂದೆ ಬಂತು.

ಮುಂದೆ ಹೋಗುವ ಮೊದಲು ಎರಡು ಅಳತೆ ಹೇಳಿಬಿಡುತ್ತೇನೆ, ಹೆದರಬೇಡಿ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ಹರಿವು. ಎರಡಕ್ಕೂ ಸಂಬಂಧ ಸುಲಭ. 11,574 ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಒಂದು ಟಿಎಂಸಿ ಎಷ್ಟು ದೊಡ್ಡದು ಅಂದರೆ, ತಲಾ ದಿನಕ್ಕೆ 135 ಲೀಟರ್‌ನಂತೆ 20 ಲಕ್ಷ ಜನರ ಊರಿಗೆ ಮೂರು ತಿಂಗಳಿಗಿಂತ ಹೆಚ್ಚು ಸಾಕು. ಪೇಪರಿನಲ್ಲಿ 'ಇಷ್ಟು ಲಕ್ಷ ಕ್ಯೂಸೆಕ್ ಬಿಡುಗಡೆ' ಅಂತ ಓದಿದಾಗ 11,574ರಿಂದ ಭಾಗಿಸಿ ನೋಡಿ, ಸುದ್ದಿಯ ಗಾತ್ರ ಗೊತ್ತಾಗುತ್ತದೆ. ನನ್ನ ಮಗಳಿಗೆ ಭಾಗಾಕಾರ ಕಲಿಸಿದ್ದೇ ಹೀಗೆ.

ಈಗ ನಮ್ಮ ಪ್ರಕಾಶಂ ಬ್ಯಾರೇಜಿಗೆ ಬರೋಣ. ಸಂಜೆ ಗಾಳಿಗೆ ಹೋಗಿ ನಿಂತು ಫೋಟೊ ತೆಗೆಸಿಕೊಳ್ಳದವರು ಇಲ್ಲಿ ಯಾರೂ ಇಲ್ಲ. ಮೊದಲು ಅಲ್ಲಿ ಇದ್ದದ್ದು ಬ್ರಿಟಿಷರು 1855ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟೆ. 1952ರಲ್ಲಿ ಅದು ಒಡೆಯಿತು. 1957ರಲ್ಲಿ ಈಗಿನ ಬ್ಯಾರೇಜು ಸಿದ್ಧವಾಯಿತು. 70 ಗೇಟುಗಳಿವೆ. ಎಡಗಡೆಯಿಂದ ಹೊರಡುವ ನೀರು ಊರೊಳಗೇ ಬಂದರು ಕಾಲುವೆ, ಏಲೂರು ಕಾಲುವೆ, ರೈವಸ್ ಕಾಲುವೆ ಅಂತ ಕವಲೊಡೆಯುತ್ತದೆ. ಬಲಗಡೆಯದು ಗುಂಟೂರು ಸೀಮೆಗೆ. ಎರಡೂ ಕಡೆ ಸೇರಿ ಹನ್ನೆರಡು ಲಕ್ಷ ಎಕರೆಗೂ ಹೆಚ್ಚು ಭೂಮಿ.

ಇಷ್ಟು ದೊಡ್ಡ ಸೀಮೆಗೆ ನೀರು ಕೊಡುವ ಬ್ಯಾರೇಜಿನ ಹೊಟ್ಟೆಯಲ್ಲಿ ಹಿಡಿಯುವುದು ಬರೀ 3.07 ಟಿಎಂಸಿ. ಕೃಷ್ಣಾ ಡೆಲ್ಟಾಕ್ಕೆ ಹಂಚಿಕೆಯಾಗಿರುವುದು ವರ್ಷಕ್ಕೆ 181.20 ಟಿಎಂಸಿ. ಅಂದರೆ ಇದು 59 ಸಲ ತುಂಬಿ 59 ಸಲ ಬರಿದಾಗಬೇಕು! ಹಾಗಾಗಿ ಇದು ನೀರು ಕೂಡಿಡುವ ಜಾಗ ಆಗಲಾರದು, ನೀರು ಹಂಚುವ ಬಾಗಿಲು. ಕೂಡಿಡುವ ಕೆಲಸವೆಲ್ಲ ಮೇಲಿನವರದು. ಆಲಮಟ್ಟಿಯಲ್ಲಿ 123 ಟಿಎಂಸಿ, ನಾರಾಯಣಪುರದಲ್ಲಿ 33, ತುಂಗಭದ್ರೆಯಲ್ಲಿ 105, ಜುರಾಲದಲ್ಲಿ 9 ಚಿಲ್ಲರೆ, ಶ್ರೀಶೈಲದಲ್ಲಿ 215, ನಾಗಾರ್ಜುನ ಸಾಗರದಲ್ಲಿ 312, ಆಮೇಲೆ ಪುಲಿಚಿಂತಲದಲ್ಲಿ 45. ಇವೆಲ್ಲ ಕಳೆದು ಕೊನೆಯಲ್ಲಿ ಬೆಜವಾಡ. ಕೂಡು ಕುಟುಂಬದ ಪಂಕ್ತಿಯಲ್ಲಿ ಕೊನೆಗೆ ಊಟಕ್ಕೆ ಕೂತ ಸೊಸೆಯ ಹಾಗೆ.

ಈ ಪಟ್ಟಿಯ ಹಿಂದೆ ಒಂದು ಬೇಸರದ ಸಂಗತಿ ಇದೆ. ಶ್ರೀಶೈಲ ಕಟ್ಟಿದಾಗ 308 ಟಿಎಂಸಿ ಹಿಡಿಯುತ್ತಿತ್ತು, ಸಾಗರ 408, ನಮ್ಮ ತುಂಗಭದ್ರೆ 132. ಹೂಳು ತುಂಬಿ ಈ ಮೂರರಲ್ಲೇ ಸುಮಾರು 215 ಟಿಎಂಸಿ ಜಾಗ ಹೋಗಿದೆ. ಲೆಕ್ಕ ನೋಡಿದರೆ ಇವತ್ತಿನ ಒಂದು ಇಡೀ ಶ್ರೀಶೈಲದಷ್ಟು ಮಣ್ಣಿನ ಪಾಲು. ಹೊಸ ಅಣೆಕಟ್ಟಿನ ಬಗ್ಗೆ ಜಗಳವಾಡುವಷ್ಟು ನಾವು ಹೂಳಿನ ಬಗ್ಗೆ ಜಗಳವಾಡಿದ್ದನ್ನು ನಾನು ಕಂಡಿಲ್ಲ.

ಜಗಳದ ವಿಷಯ ಬಂತು. ಇಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಮನೆಯವರು ಪ್ರತಿ ಜೂನ್‌ನಲ್ಲಿ ನನ್ನನ್ನು ಲಿಫ್ಟಿನಲ್ಲಿ ಹಿಡಿದು, "ಮೀವಾಳ್ಳು ನೀಳ್ಳು ವದಲಡಂ ಲೇದು" ಅನ್ನುತ್ತಿದ್ದರು. ನಿಮ್ಮವರು ನೀರು ಬಿಡ್ತಾ ಇಲ್ಲ ಅಂತ. ಆಲಮಟ್ಟಿಯ ಗೇಟಿನ ಬೀಗದಕೈ ನನ್ನ ವ್ಯಾನಿಟಿ ಬ್ಯಾಗಿನಲ್ಲಿದೆ ಎಂಬಂತೆ! ಅದೇ ಆಲಮಟ್ಟಿಗೆ ಮೇಲಿನ ಸಾಂಗ್ಲಿಯವರು, ಪ್ರವಾಹ ಬಂದಾಗ, ನೀರು ಹಿಡಿದಿಟ್ಟು ನಮ್ಮನ್ನು ಮುಳುಗಿಸಿದಿರಿ ಅಂತ ಬಯ್ಯುತ್ತಾರೆ. ಮೇಲಿನವರಿಗೆ ಹಿಡಿದದ್ದು ತಪ್ಪು, ಕೆಳಗಿನವರಿಗೆ ಬಿಡದ್ದು ತಪ್ಪು. ಅಣೆಕಟ್ಟಿನ ಎಂಜಿನಿಯರ್ ಆಗಿದ್ದರೆ ನನಗೆ ಎರಡೂ ಕಡೆಯ ಬೈಗುಳ ಸಿಗುತ್ತಿತ್ತು, ಸಾಫ್ಟ್‌ವೇರೇ ವಾಸಿ ಅನ್ನಿಸಿದ್ದಿದೆ.

ಆದರೆ ಪಕ್ಕದ ಮನೆಯವರ ಕಷ್ಟ ನಿಜವಾದದ್ದೇ. ಸಹ್ಯಾದ್ರಿಯಲ್ಲಿ ಜೂನ್‌ನಲ್ಲಿ ಮಳೆ ಬಿದ್ದರೂ ಮೇಲಿನ ಜಲಾಶಯಗಳೆಲ್ಲ ತುಂಬಿ ನೀರು ಬೆಜವಾಡಕ್ಕೆ ಬರುವಾಗ ಆಗಸ್ಟ್ ಆಗುತ್ತದೆ, ಕೆಲವು ವರ್ಷ ಅದೂ ಇಲ್ಲ. ಡೆಲ್ಟಾದ ರೈತ ಸಸಿ ಮಡಿ ಹಾಕಬೇಕಾದ್ದು ಜೂನ್‌ನಲ್ಲಿ. ತಡವಾಗಿ ನಾಟಿ ಮಾಡಿದರೆ ಕೊಯ್ಲು ನವೆಂಬರ್ ಕೊನೆಗೆ ಹೋಗುತ್ತದೆ, ಅದು ಬಂಗಾಳ ಕೊಲ್ಲಿಯ ತುಫಾನಿನ ಕಾಲ. ತೆನೆ ತುಂಬಿದ ಪೈರು ನೀರಲ್ಲಿ ಮಲಗುತ್ತದೆ. ಹಾಗಾಗಿ ವರ್ಷದ ಒಟ್ಟು ನೀರು ಸಾಕಷ್ಟಿದ್ದರೂ ಬೇಕಾದ ವಾರದಲ್ಲಿ ಇಲ್ಲದಿದ್ದರೆ ಅದು ಬೆಳೆಗೆ ಇಲ್ಲದ ಹಾಗೇ. ಪಟ್ಟಿಸೀಮದಲ್ಲಿ ಪಂಪು ಹಾಕಿ ಗೋದಾವರಿಯ ನೀರನ್ನು ಪೋಲವರಂ ಬಲದಂಡೆ ಕಾಲುವೆಯಲ್ಲಿ ತಂದು ಇಬ್ರಾಹಿಂಪಟ್ಟಣದ ಬಳಿ ಕೃಷ್ಣೆಗೆ ಸೇರಿಸಿದ್ದು ಇದೇ ಕಾರಣಕ್ಕೆ. 2015ರಲ್ಲಿ ಮೊದಲ ಸಲ ಆ ನೀರು ಬಂದಾಗ ಊರಿಗೆ ಊರೇ ನೋಡಲು ಹೋಗಿತ್ತು. ಗೋದಾವರಿ ಜುಲೈನಲ್ಲೇ ಉಕ್ಕುತ್ತಾಳೆ, ಕೃಷ್ಣೆ ತಡ. ತಂಗಿ ತಡವಾದರೆ ಅಕ್ಕ ಅಡುಗೆಗೆ ಇಡುವ ಹಾಗೆ.

ಹಂಚುವಾಗಲೂ ಕೊನೆಯವರ ಪಾಡು ಕೊನೆಯದೇ. ಕಾಲುವೆಯ ತಲೆಯಲ್ಲಿದ್ದವರು ಎಷ್ಟು ಬೇಕಾದರೂ ಎಳೆದುಕೊಳ್ಳುತ್ತಾರೆ, ಬಾಲದಲ್ಲಿದ್ದವರು ಕಾಯುತ್ತಾರೆ. ಇಲ್ಲಿ ಅವನಿಗಡ್ಡ, ನಾಗಾಯಲಂಕದ ಕಡೆ ಸಿಹಿನೀರು ಬರುವುದು ತಡವಾದರೆ ನೆಲಕ್ಕೆ ಸಮುದ್ರದ ಉಪ್ಪು ಏರುತ್ತದೆ. ನಮ್ಮಲ್ಲಿ ತುಂಗಭದ್ರಾ ಎಡದಂಡೆಯಲ್ಲಿ ಸಿರವಾರ, ಮಾನ್ವಿ, ರಾಯಚೂರಿನವರದೂ ಇದೇ ಗೋಳು. ಗಂಗಾವತಿ, ಕಾರಟಗಿಯಲ್ಲಿ ಜೋಳ, ಹತ್ತಿಗೆಂದು ಲೆಕ್ಕ ಹಾಕಿದ್ದ ನೀರಿನಲ್ಲಿ ಭತ್ತ ನಿಂತಿದೆ. ಆ ಭತ್ತವನ್ನು ಅಲ್ಲಿಗೆ ತಂದವರಲ್ಲಿ ಹಲವರು ಇದೇ ಕೃಷ್ಣಾ, ಗೋದಾವರಿ ಜಿಲ್ಲೆಗಳಿಂದ ಹೋಗಿ 'ಕ್ಯಾಂಪು' ಕಟ್ಟಿಕೊಂಡವರು ಅನ್ನುವುದು ಒಂದು ತಮಾಷೆ. ಅವರು ಅಲ್ಲಿ ಹೋಗಿ ಗದ್ದೆ ಮಾಡಿದರು, ನಾವು ಇಲ್ಲಿ ಬಂದು ಬ್ಯಾಂಕು, ಹೋಟೆಲು, ಐ.ಟಿ. ಮಾಡಿದೆವು. ಸಮ ಆಯಿತು ಅಂತ ನನ್ನ ಯಜಮಾನರು ಹೇಳುತ್ತಾರೆ.

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ.

2023ರ ಆಗಸ್ಟ್ ನೆನಪಿದೆಯೇ? 1901ರಿಂದ ಲೆಕ್ಕ ಇಟ್ಟದ್ದರಲ್ಲಿ ಇಡೀ ದೇಶಕ್ಕೆ ಅತ್ಯಂತ ಒಣ ಆಗಸ್ಟ್ ಅದು. ಶ್ರೀಶೈಲ, ಸಾಗರ ಎರಡೂ ತುಂಬಲಿಲ್ಲ. ಆ ವರ್ಷ ಯಾವನಾದರೂ ಎಂಜಿನಿಯರ್ 'ಪ್ರವಾಹ ಬಂದರೆ ಇರಲಿ' ಅಂತ ಜಾಗ ಖಾಲಿ ಮಾಡಲು ನೀರು ಬಿಟ್ಟಿದ್ದರೆ ಅವನನ್ನು ಜನ ಸುಮ್ಮನೆ ಬಿಡುತ್ತಿರಲಿಲ್ಲ. ಮರುವರ್ಷ, 2024ರಲ್ಲಿ, ಆಗಸ್ಟ್ ಹೊತ್ತಿಗೇ ಎಲ್ಲವೂ ತುಂಬಿದವು. ಬರ ಕಂಡ ಮರುವರ್ಷ ತುಂಬಿದ ಜಲಾಶಯ ನೋಡಿ ಎಲ್ಲರಿಗೂ ಹಬ್ಬ. ನಾನೂ ಶ್ರೀಶೈಲದ ಗೇಟು ತೆರೆದ ವಿಡಿಯೋ ಹತ್ತು ಜನಕ್ಕೆ ಕಳಿಸಿದ್ದೆ. ಅಜ್ಜಿಯ ಎರಡೂ ಹರವಿ ತುಂಬಿ ಕೂತಿವೆ ಅಂತ ಆಗ ಹೊಳೆಯಲಿಲ್ಲ.

ಆಗಸ್ಟ್ 31, ಶನಿವಾರ. ಎಡೆಬಿಡದ ಮಳೆ. ಸಿಂಗ್ ನಗರದಲ್ಲಿ ನೆಲಮಹಡಿಯಲ್ಲಿದ್ದ ನಮ್ಮ ಕಾಕು ರಾತ್ರಿ ವೈಜಾಗಿಗೆ ಫೋನ್ ಮಾಡಿದರು. ಸ್ವಂತ ಕಾಕು ಅಲ್ಲ, ಹುಬ್ಬಳ್ಳಿ ಕಡೆಯವರು, ನನ್ನ ಬಾಣಂತನಕ್ಕೆ ಅಂಟಿನುಂಡಿ ಮಾಡಿಕೊಟ್ಟವರು. "ನೀ ನೀರಿನ ಎಂಜಿನಿಯರ್ ಅಲ್ಲೇನು, ನೋಡಿ ಹೇಳವಾ, ಮ್ಯಾಲೆ ಹೋಗಿ ಮಲಗೋಣೇನು?" ಅಂದರು. ನಾನು ಲ್ಯಾಪ್‌ಟಾಪ್ ತೆಗೆದೆ. ಪುಲಿಚಿಂತಲದಿಂದ ಎಷ್ಟು ಬಿಡುತ್ತಿದ್ದಾರೆ, ಬ್ಯಾರೇಜಿಗೆ ಎಷ್ಟು ಬರುತ್ತಿದೆ, ಎಲ್ಲ ನೋಡಿದೆ. ಬ್ಯಾರೇಜನ್ನು ಕಟ್ಟಿರುವುದು ಸುಮಾರು 11.9 ಲಕ್ಷ ಕ್ಯೂಸೆಕ್ ತಡೆಯುವ ಹಾಗೆ. ಸಿಂಗ್ ನಗರ ನದಿಯಿಂದ ದೂರ. "ಕಾಕು, ಬ್ಯಾರೇಜಿಗೆ ಏನೂ ಆಗೂದಿಲ್ಲ, ಮಲಕೋರಿ" ಅಂದೆ.

ಬ್ಯಾರೇಜಿಗೆ ಏನೂ ಆಗಲಿಲ್ಲ. ನನ್ನ ಲೆಕ್ಕ ಸರಿಯೇ ಇತ್ತು. ನಾನು ನೋಡಿದ ನದಿ ತಪ್ಪು.

ಭಾನುವಾರ ಸಿಂಗ್ ನಗರಕ್ಕೆ ನುಗ್ಗಿದ್ದು ಬುಡಮೇರು. ಬೇಸಿಗೆಯಲ್ಲಿ ಚರಂಡಿ ಅಂತ ಮೂಗು ಮುಚ್ಚಿಕೊಂಡು ದಾಟುವ ಹಳ್ಳ ಅದು, ಹೋಗಿ ಸೇರುವುದು ಕೊಲ್ಲೇರು ಸರೋವರಕ್ಕೆ. ಅದರ ಪ್ರವಾಹದ ನೀರನ್ನು ಊರಿಗೆ ಬರದಂತೆ ತಿರುಗಿಸಿ ಬ್ಯಾರೇಜಿನ ಮೇಲ್ಗಡೆ ಕೃಷ್ಣೆಗೆ ಬಿಡಲು ಒಂದು ಡೈವರ್ಷನ್ ಕಾಲುವೆ ಇದೆ. ಕೃಷ್ಣೆಯೇ ದಡ ತುಂಬಿ ಎತ್ತರದಲ್ಲಿ ಹರಿಯುತ್ತಿದ್ದರೆ ಆ ಕಾಲುವೆಯ ನೀರು ಒಳಗೆ ಇಳಿಯಲು ದಾರಿ ಇಲ್ಲ, ಹಿಂದಕ್ಕೆ ಒತ್ತುತ್ತದೆ. ಕಟ್ಟೆ ಒಡೆಯಿತು. ಅಂದರೆ ದೊಡ್ಡ ನದಿ ತುಂಬಿದ್ದಕ್ಕೂ ಸಣ್ಣ ಹಳ್ಳ ಊರಿಗೆ ಬಂದದ್ದಕ್ಕೂ ನಂಟಿದೆ, ಆ ನಂಟು ನನ್ನ ಪರದೆಯ ಮೇಲಿನ ಯಾವ ಸಂಖ್ಯೆಯಲ್ಲೂ ಇರಲಿಲ್ಲ. ಕಾಕು, ಕಾಕಾ ಎರಡು ರಾತ್ರಿ ಮೇಲಿನ ಮಹಡಿಯವರ ಮನೆಯಲ್ಲಿ ಕಳೆದರು. ಕಾಕಾನ ಸಕ್ಕರೆ ಕಾಯಿಲೆಯ ಇನ್ಸುಲಿನ್ ಫ್ರಿಜ್ಜಿನೊಳಗೇ ಇತ್ತು, ಫ್ರಿಜ್ಜು ನೀರಿನೊಳಗಿತ್ತು. ಮೂರನೆಯ ದಿನ ದೋಣಿಯಲ್ಲಿ ಹೊರಗೆ ಬಂದರು. ಫೋನಿನಲ್ಲಿ ಕಾಕು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದೇ ಕಷ್ಟವಾಯಿತು.

ಅತ್ತ ಸೆಪ್ಟೆಂಬರ್ 2ರಂದು ಬ್ಯಾರೇಜಿನಲ್ಲಿ 11.43 ಲಕ್ಷ ಕ್ಯೂಸೆಕ್ ಹರಿಯಿತು. ಇದುವರೆಗಿನ ದಾಖಲೆ. ಭಾಗಿಸಿ ನೋಡಿ, ದಿನಕ್ಕೆ ಸುಮಾರು 99 ಟಿಎಂಸಿ. ಬ್ಯಾರೇಜಿನ 3.07 ಟಿಎಂಸಿ ಹೊಟ್ಟೆ ಪೂರ್ತಿ ಖಾಲಿ ಇದ್ದಿದ್ದರೂ ಮುಕ್ಕಾಲು ಗಂಟೆಯಲ್ಲಿ ತುಂಬಿಬಿಡುತ್ತಿತ್ತು. ಇಲ್ಲಿ ನಿಂತು ಮಾಡುವಂಥದ್ದು ಏನೂ ಇರಲಿಲ್ಲ, ಗೇಟು ಎತ್ತಿ ಬಿಡುವುದೊಂದೇ. 2009ರ ಅಕ್ಟೋಬರ್‌ನಲ್ಲಿ ಕರ್ನೂಲು ಮುಳುಗಿದಾಗ ಶ್ರೀಶೈಲಕ್ಕೆ 25 ಲಕ್ಷ ಕ್ಯೂಸೆಕ್ ದಾಟಿ ಬಂದಿತ್ತು. ಅದು ಬೆಜವಾಡ ತಲುಪುವಾಗ 11 ಲಕ್ಷದ ಆಸುಪಾಸಿಗೆ ಇಳಿದಿತ್ತು. ನಡುವಿನ ಎರಡು ದೊಡ್ಡ ಜಲಾಶಯಗಳು ಹೊಡೆತ ತಿಂದು ಸಾವಕಾಶವಾಗಿ ಬಿಟ್ಟದ್ದಕ್ಕೆ ಹಾಗಾಯಿತು. 2024ರಲ್ಲಿ ಮೇಲೆ ಜಾಗ ಇರಲಿಲ್ಲ. ಜೊತೆಗೆ ಮುನ್ನೇರು ನದಿ ಪುಲಿಚಿಂತಲದ ಕೆಳಗೆ ಬಂದು ಸೇರುತ್ತದೆ, ಅದರ ನೀರಿಗೆ ಸಾಗರದಲ್ಲಿ ಎಷ್ಟು ಜಾಗ ಇದ್ದರೂ ಉಪಯೋಗವಿಲ್ಲ. ಸ್ವಲ್ಪ ಜಾಗ ಇಟ್ಟಿದ್ದರೆ ಸಿಂಗ್ ನಗರ ಉಳಿಯುತ್ತಿತ್ತು ಅಂತ ನಾನು ಹೇಳಲಾರೆ. ಕೃಷ್ಣೆಯ ಮಟ್ಟ ಒಂದಿಷ್ಟು ಕಡಿಮೆ ಇರುತ್ತಿತ್ತು, ಬುಡಮೇರಿಗೆ ಇಳಿಯಲು ಒಂದಿಷ್ಟು ದಾರಿ ಇರುತ್ತಿತ್ತು, ಅಷ್ಟು ಹೇಳಬಹುದು. ಆಗಸ್ಟ್ ಮಧ್ಯದಲ್ಲೇ ಎಲ್ಲ ಜಲಾಶಯವನ್ನೂ ಅಂಚಿನವರೆಗೆ ತುಂಬಿಸುವುದರ ಬದಲು ಮಳೆಯ ಮುನ್ಸೂಚನೆ ನೋಡಿ ಹಂತ ಹಂತವಾಗಿ ಏರಿಸುವ ಪದ್ಧತಿ ಕಾಗದದ ಮೇಲೆ ಎಲ್ಲ ಕಡೆಯೂ ಇದೆ. ಅದನ್ನು ಪಾಲಿಸುವುದು ಕಷ್ಟ, ಯಾಕೆಂದರೆ ಖಾಲಿ ಜಾಗದ ಪರವಾಗಿ ಮಾತಾಡುವ ಮತದಾರ ಇಲ್ಲ. ಈ ಮಾತನ್ನು ನಾನು ಯಾರ ಮೇಲೂ ಹೊರಿಸುತ್ತಿಲ್ಲ, ಗೇಟಿನ ವಿಡಿಯೋ ಹಂಚಿದವಳೂ ನಾನೇ.

ಆ ವರ್ಷದ ಇನ್ನೊಂದು ಸಂಗತಿ ನಮ್ಮ ಎರಡೂ ರಾಜ್ಯಕ್ಕೆ ಸೇರಿದ್ದು. ಆಗಸ್ಟ್ 10ರ ರಾತ್ರಿ ಹೊಸಪೇಟೆಯಲ್ಲಿ ತುಂಗಭದ್ರೆಯ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಡ್ಯಾಮು. ಮೂರು ವರ್ಷದ ಹಿಂದೆ, 2021ರ ಆಗಸ್ಟ್‌ನಲ್ಲಿ, ಪುಲಿಚಿಂತಲದಲ್ಲೂ 16ನೆಯ ಗೇಟು ಹೀಗೇ ಹೋಗಿತ್ತು. ಆಗ ಜಲಾಶಯ ಇಳಿಸಿದ ಮೇಲೇ ಅಡ್ಡ ಹಲಗೆ ಕೂರಿಸಲು ಆದದ್ದು, ನೀರೆಲ್ಲ ಈ ಬ್ಯಾರೇಜು ದಾಟಿ ಸಮುದ್ರಕ್ಕೆ ಹೋಯಿತು. ಹೊಸಪೇಟೆಯಲ್ಲೂ ಹಾಗೇ ಆಗಿದ್ದರೆ ಬಳ್ಳಾರಿ, ಕೊಪ್ಪಳ, ರಾಯಚೂರು, ಕರ್ನೂಲು, ಅನಂತಪುರದ ಆ ವರ್ಷದ ಬೆಳೆ ಮುಗಿದಂತೆ. ಗೇಟಿನ ತಜ್ಞರಾದ ಹಿರಿಯ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಇಳಿಸಿದರು. ಒಂದು ವಾರದಲ್ಲಿ ಸೋರಿಕೆ ನಿಂತಿತು, ಉಳಿದ ಮಳೆಯಲ್ಲಿ ಡ್ಯಾಮು ಮತ್ತೆ ಏರಿತು. ಮುಂದಿನ ತಿಂಗಳೇ ದೋಣಿಗಳು ಬಂದು ಬಡಿದು ನಮ್ಮ ಬ್ಯಾರೇಜಿನ ಗೇಟುಗಳ ಕೌಂಟರ್‌ವೇಟ್ ಒಡೆದಾಗ ದುರಸ್ತಿಗೆ ನಿಂತವರೂ ಅದೇ ನಾಯ್ಡು ಅವರು. ಎಷ್ಟು ಹಿಡಿಯಬೇಕು, ಎಷ್ಟು ಬಿಡಬೇಕು ಅಂತ ನಾವು ಎಷ್ಟೇ ಲೆಕ್ಕ ಹಾಕಿದರೂ ಒಂದು ಚೈನಿನ ಕೊಂಡಿಗೆ ಎಣ್ಣೆ, ಬಣ್ಣ ಸಕಾಲಕ್ಕೆ ಬಿದ್ದಿದೆಯೇ ಎನ್ನುವುದರ ಮೇಲೂ ಅದು ನಿಂತಿರುತ್ತದೆ. ನಮ್ಮ ಸಾಫ್ಟ್‌ವೇರಿನಲ್ಲೂ ಹೊಸದು ಕಟ್ಟುವವರಿಗೆ ಸಿಗುವ ಚಪ್ಪಾಳೆ ಹಳೆಯದನ್ನು ನೋಡಿಕೊಳ್ಳುವವರಿಗೆ ಸಿಗುವುದಿಲ್ಲ.

ವೈಜಾಗಿನವರು ನಮ್ಮ ಊರಿನ ಸುದ್ದಿಯೇ ಇಲ್ಲವಲ್ಲ ಅಂತ ನನ್ನನ್ನು ನೋಡುತ್ತಿದ್ದೀರಿ. ನಮಗೆ ದೊಡ್ಡ ನದಿ ಇಲ್ಲ, ಅದೇ ಸುದ್ದಿ. ಮೇಘಾದ್ರಿಗೆಡ್ಡ, ಗೋಸ್ತನಿಯ ತಾಟಿಪೂಡಿ, ರೈವಾಡ, ಇವೆಲ್ಲ ಸಣ್ಣ ಜಲಾಶಯಗಳು. ಉಳಿದದ್ದು ಏಲೇರು ಕಾಲುವೆಯಲ್ಲಿ ನೂರೈವತ್ತು ಕಿಲೋಮೀಟರ್ ನಡೆದು ಬರಬೇಕು, ಸಾಲದಿದ್ದರೆ ಅದಕ್ಕೆ ಗೋದಾವರಿಯ ನೀರು ಪಂಪು ಮಾಡಬೇಕು. ಉಕ್ಕಿನ ಕಾರ್ಖಾನೆಯೂ ಅದೇ ಕಾಲುವೆಯ ಮೇಲೆ ಬದುಕಿದೆ. ಇನ್ನೂರು ಮನೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಏಪ್ರಿಲ್ ಬಂದರೆ ವಾಚ್‌ಮನ್‌ನನ್ನು ಎಲ್ಲರೂ ಕೇಳುವುದು "ನೀಳ್ಳು ವಚ್ಚಾಯಾ?" ಅಂತ. ಇಲ್ಲಿ ಕಾರ್ಯದರ್ಶಿಯವರ ನಲ್ಲಿ ಬಂತು ನೋಡಿ. ಹೋದ ವರ್ಷ ನಾನು ಸಂಪಿನ ಅಳತೆ ತೆಗೆದುಕೊಂಡು, ದಿನಕ್ಕೆ ಎಷ್ಟು ಬರುತ್ತದೆ, ಟ್ಯಾಂಕರ್ ಎಷ್ಟು, ಯಾವ ಬ್ಲಾಕಿಗೆ ಎಷ್ಟು ಅಂತ ಒಂದು ಹಾಳೆ ಮಾಡಿ ಲಿಫ್ಟಿನ ಪಕ್ಕ ಅಂಟಿಸಿದೆ. ಎಂಟನೇ ಮಹಡಿಯವರು ಕಡಿಮೆ ಬಳಸುತ್ತಿದ್ದಾರೆ, ಕಾರು ತೊಳೆಯುವುದಕ್ಕೆ ಎಷ್ಟು ಹೋಗುತ್ತಿದೆ, ಎಲ್ಲ ಬಯಲಾಯಿತು. ಜಗಳ ಒಂದು ವಾರ ಜಾಸ್ತಿಯಾಯಿತು. ಆಮೇಲೆ ಟ್ಯಾಂಕರ್ ವಾರಕ್ಕೆ ಎರಡು ಕಡಿಮೆಯಾಯಿತು.

ಇಲ್ಲಿಗೂ ಅಂಥದೊಂದು ಹಾಳೆ ಮಾಡೋಣ ಅಂತ ನನ್ನ ಮನಸ್ಸು. ಬರುವ ಜುಲೈ ಒಂದರಿಂದ ಪ್ರತಿ ಬೆಳಿಗ್ಗೆ ವೇದಿಕೆಯ ವಾಟ್ಸಾಪ್ ಗುಂಪಿನಲ್ಲಿ ಐದು ಸಂಖ್ಯೆ ಹಾಕುತ್ತೇನೆ. ಆಲಮಟ್ಟಿ, ಶ್ರೀಶೈಲ, ಸಾಗರ, ಪುಲಿಚಿಂತಲ, ಬ್ಯಾರೇಜು. ಎಷ್ಟು ತುಂಬಿದೆ ಅಂತ ಎಲ್ಲರೂ ಹಾಕುತ್ತಾರೆ, ನಾನು ಎಷ್ಟು ಜಾಗ ಖಾಲಿ ಇದೆ ಅಂತ ಹಾಕುತ್ತೇನೆ. ಶುಭೋದಯದ ಹೂವಿನ ಚಿತ್ರಗಳ ನಡುವೆ ಅದೊಂದನ್ನು ದಯವಿಟ್ಟು ಓದಿ. ನೆಲಮಹಡಿಯಲ್ಲಿರುವವರ ಹೆಸರು, ಔಷಧಿ ಫ್ರಿಜ್ಜಿನಲ್ಲಿ ಇಡುವವರ ಹೆಸರು ಕಾರ್ಯದರ್ಶಿಯವರ ಹತ್ತಿರ ಇವತ್ತೇ ಬರೆಸಿ ಹೋಗಿ.

ನಿನ್ನೆ ಕಾಕುಗೆ ಈ ಐದು ಸಂಖ್ಯೆಯ ವಿಷಯ ಹೇಳಿದೆ. ಅವರು ಮೂರನೇ ಸಾಲಿನಲ್ಲಿ ಕೂತಿದ್ದಾರೆ, ನಗುತ್ತಿದ್ದಾರೆ. "ಐದು ಯಾಕ, ಆರು ಹಾಕು. ಬುಡಮೇರು ಬಿಟ್ಟಿ ನೋಡು" ಅಂದರು. ವೆಲಗಲೇರು ರೆಗ್ಯುಲೇಟರಿನ ಮಟ್ಟ ಆರನೆಯದು ಅಂತ ಬರೆದುಕೊಂಡಿದ್ದೇನೆ ಕಾಕು.